ಎಣ್ಣೆಯಿಲ್ಲದ ಚಳಿಗಾಲ

ಮರ್ಗಿಲಾನ್
ಅಕ್ಟೋಬರ್ 9, 2009

ಬರ್ನೊ ಕಂದಾ,

ಈ ಕಾಗದ ತುರ್ಸುನ್ ಅಕಾನ ಟ್ಯಾಕ್ಸಿಯಲ್ಲಿ ನಿನ್ನ ಹಾಸ್ಟೆಲಿಗೆ ಬರುತ್ತಿದೆ. ಜೊತೆಗೆ ಒಂದು ಡಬ್ಬಿ ಕಟ್ಟಿದ ಮೊಸರು ಮತ್ತು ನಮ್ಮ ಹಿತ್ತಲಿನ ಹಸಿರು ಮೂಲಂಗಿ ಇದೆ. ಡಬ್ಬಿಯನ್ನು ಡಿಕ್ಕಿಗೆ ಹಾಕಬೇಡ, ಘಾಟಿಯ ತಿರುವಿನಲ್ಲಿ ಚೆಲ್ಲುತ್ತದೆ ಎಂದು ಅವನಿಗೆ ಹೇಳಿದ್ದೇನೆ. ಚೆಲ್ಲಿದ್ದರೆ ನೀನೇ ಅವನನ್ನು ಬೈದು ಕಳಿಸು.

ಫೋನ್ ಮಾಡಿದರೆ ನನಗೆ ಕೇಳಿಸುವುದಿಲ್ಲ. ನಿನ್ನ ಬೋಬೋ ಅಜ್ಜ ಕೇಳಿಸಿಕೊಂಡು ನನಗೆ ತಮಗೆ ಬೇಕಾದ್ದನ್ನಷ್ಟೇ ಹೇಳುತ್ತಾರೆ. ಅದಕ್ಕೇ ಕಾಗದ.

ಅವರು ಆಸ್ಪತ್ರೆಯಿಂದ ಮನೆಗೆ ಬಂದರು. ಎದೆನೋವು ನಿಂತಿದೆ. ಆದರೆ ಡಾಕ್ಟರು ಕುರಿಬಾಲದ ಕೊಬ್ಬು ಮುಟ್ಟಬಾರದು, ಹತ್ತಿಬೀಜದ ಎಣ್ಣೆ ಮುಟ್ಟಬಾರದು, ಹಸಿ ತರಕಾರಿ ತಿನ್ನಬೇಕು, ಮೈ ಇಳಿಯಬೇಕು ಎಂದಿದ್ದಾನೆ. ಆಯುಸ್ಸಿನುದ್ದಕ್ಕೂ ಮದುವೆಮನೆಗಳಲ್ಲಿ ಕಡಾಯಿಗಟ್ಟಲೆ ಎಣ್ಣೆ ಕಾಯಿಸಿ ಪಲಾವ್ ಮಾಡಿದ ಮನುಷ್ಯನಿಗೆ ಇದನ್ನು ಹೇಳಿದರೆ ಹೇಗಾಗಬೇಡ? “ಅಕ್ಮಲ್‌ನ ಅಮ್ಮಾ, ಈ ಡಾಕ್ಟ್ರು ನನ್ನನ್ನ ಮೊಲ ಅಂದ್ಕೊಂಡಿದಾನೆ” ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕಂದಾ, ಅವರು ತಿನ್ನುತ್ತಿಲ್ಲ. ಬರೀ ಮೂಲಂಗಿ, ಬರೀ ಎಲೆಕೋಸು ಕೊಟ್ಟರೆ ಚಹಾ ಕುಡಿದು ಎದ್ದುಬಿಡುತ್ತಾರೆ. ಊಟವಿಲ್ಲದ ಹೊಟ್ಟೆಗೆ ಮಾತ್ರೆ ಹಾಕುತ್ತಿದ್ದಾರೆ. ನೀನು ಇದನ್ನೇ ಓದಲು ಹೋದವಳಲ್ಲವೇ? ತರಕಾರಿಯ ಮೇಲೆ ಸುರಿಯುವುದು ಏನಾದರೂ ಹೇಳು. ಎಣ್ಣೆ ಇರಬಾರದು, ಆದರೆ ಅವರು ಇನ್ನೊಂದು ತುತ್ತಿಗೆ ಕೈ ಹಾಕಬೇಕು. ಅಷ್ಟೇ ನಾನು ಕೇಳುವುದು.

ನೀನು ಸರಿಯಾಗಿ ತಿನ್ನುತ್ತಿದ್ದೀಯಾ?

ನಿನ್ನ ಬುವಿ

*

ತಾಷ್ಕೆಂಟ್
ಅಕ್ಟೋಬರ್ 16

ಪ್ರೀತಿಯ ಬುವಿ ಅಜ್ಜಿ,

ಡಬ್ಬಿ ಚೆಲ್ಲಲಿಲ್ಲ. ತುರ್ಸುನ್ ಅಕಾ ಅದನ್ನು ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಬಂದಿದ್ದರು. “ನಿನ್ನ ಬುವಿಗಿಂತ ಪೊಲೀಸರೇ ವಾಸಿ” ಅಂದರು.

ನಿಮ್ಮ ಕಾಗದ ಓದಿದಾಗಿನಿಂದ ನನಗೆ ಟೆನ್ಷನ್. ಬುವಿ, ನಾನಿನ್ನೂ ಮೊದಲ ವರ್ಷ. ಇಲ್ಲಿಯವರೆಗೆ ನಮಗೆ ಪೋಷಕಾಂಶಗಳ ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿಸಿದ್ದಾರೆ. ಆದರೂ ಲೈಬ್ರರಿಯಲ್ಲಿ ಕೂತು ಓದಿದೆ. ಒಂದು ಚಮಚ ಎಣ್ಣೆಯಲ್ಲಿರುವ ಕ್ಯಾಲೊರಿ ಒಂದಿಡೀ ಬಟ್ಟಲು ಸೌತೆಕಾಯಿಯಲ್ಲಿ ಇರುವುದಿಲ್ಲ. ಆದ್ದರಿಂದ ಡ್ರೆಸಿಂಗ್ ಮಾಡುವಾಗ ಎಣ್ಣೆಯ ಜಾಗಕ್ಕೆ ಮೊಸರು ಬರಬೇಕು.

ಹೀಗೆ ಮಾಡಿ. ಕಟ್ಟಿದ ಮೊಸರಿಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿ. ಬೆಳ್ಳುಳ್ಳಿ ಜಜ್ಜಿ ಹಾಕಿ, ನಿಂಬೆ ಹಿಂಡಿ, ಸಬ್ಬಸಿಗೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ. ಬೋಬೋ ಹೊಟ್ಟೆಗೆ ಎಷ್ಟು ಹೋಯಿತು ಎಂದು ಗೊತ್ತಾಗುವುದು ಮುಖ್ಯ. ಅದಕ್ಕೆ ಅವರಿಗೆ ಬೇರೆ ತಟ್ಟೆ ಇಡಿ. ತೂಕ ಮಾಡಿ ಬಡಿಸಿ, ಉಳಿದದ್ದನ್ನೂ ತೂಕ ಮಾಡಿ. ಮನೆಯವರೆಲ್ಲ ಸುತ್ತ ಕೂತು ಒಟ್ಟಿಗೆ ತಿನ್ನುವ ಲಗನ್ ತಟ್ಟೆಯಿಂದ ತಿಂದರೆ ಲೆಕ್ಕ ಸಿಗುವುದಿಲ್ಲ, ಮೇಲಾಗಿ ಅಲ್ಲಿ ಎಣ್ಣೆ ಇರುತ್ತದೆ. ನಮ್ಮ ಪುಸ್ತಕದಲ್ಲಿ ಇದಕ್ಕೊಂದು ಇಡೀ ಅಧ್ಯಾಯವಿದೆ.

ನಾನೂ ಮಾಡಿ ನೋಡಿದೆ. ನನ್ನ ರೂಮಿನ ಹುಡುಗಿಯರೆಲ್ಲ ಬೆರಳು ನೆಕ್ಕಿದರು.

ನಾನು ಬೇಸಿಗೆ ರಜೆಗೆ ಬಂದಾಗ ಬೋಬೋ ಟೊಮೆಟೊ ಹೆಚ್ಚುತ್ತಿದ್ದದ್ದು ಇವತ್ತು ತುಂಬಾ ನೆನಪಾಯಿತು. ಅವರಿಗೆ ಹಲಗೆ ಬೇಕಿರಲಿಲ್ಲ. ಅಂಗೈಯಲ್ಲೇ ಹಿಡಿದು, ಹೆಬ್ಬೆರಳಿನವರೆಗೆ ಚಾಕು ತಂದು ನಿಲ್ಲಿಸುತ್ತಿದ್ದರು. ನಾನು ಪ್ರತಿ ಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ಬಿಟ್ಟರೆ ತೆಳ್ಳಗಿನ ಹೋಳುಗಳ ಹಿಂದೆ ಅವರ ಬೆರಳು ಕೆಂಪಗೆ ಕಾಣುತ್ತಿತ್ತು. “ಭಯಪಡೋಳು ಅಡುಗೆಮನೆಗೆ ಬರಬಾರ್ದು ಕಣೇ” ಅನ್ನುತ್ತಿದ್ದರು. ನಾನು ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವಳು, ಅಡುಗೆಮನೆಗೆ ಹೋಗಿದ್ದಾದರೂ ಯಾವಾಗ?

ಬೇಗ ಬರೆಯಿರಿ. ತೂಕಗಳನ್ನೂ ಬರೆಯಿರಿ.

ನಿಮ್ಮ ಬರ್ನೊ

*

ಮರ್ಗಿಲಾನ್
ನವೆಂಬರ್ 2

ಕಂದಾ,

ನೀನು ಹೇಳಿದ ಹಾಗೇ ಮಾಡಿದೆ. ಪಕ್ಕದ ಮನೆಯಿಂದ ತಕ್ಕಡಿ ತಂದೆ. ಅತಿಥಿಗಳಿಗೆಂದು ಎತ್ತಿಟ್ಟಿದ್ದ ಹತ್ತಿಹೂವಿನ ಚಿತ್ರದ ನೀಲಿ ತಟ್ಟೆ ತೆಗೆದೆ. ಮೂಲಂಗಿ ತುರಿದು, ಮೇಲೆ ಮೊಸರು ಸುರಿದು ಅವರ ಮುಂದೆ ಇಟ್ಟೆ.

ನೋಡಿದರು. ಬೆರಳ ತುದಿಯಲ್ಲಿ ಮುಟ್ಟಿದರು.

“ಏನಿದು? ತಿನ್ನೋದಾ, ಮೊಣಕಾಲಿಗೆ ಹಚ್ಚೋದಾ?”

“ತಿನ್ನೋದು. ನಿಮ್ಮ ಮೊಮ್ಮಗಳು ಬರೆದು ಕಳಿಸಿದಾಳೆ. ಅದಕ್ಕೆ ಡ್ರೆಸಿಂಗ್ ಅಂತಾರಂತೆ.”

“ಗಾಯಕ್ಕೆ ಕಟ್ತಾರಲ್ಲ, ಅದನ್ನೂ ಆಸ್ಪತ್ರೇಲಿ ಡ್ರೆಸಿಂಗ್ ಅಂತಿದ್ರು. ಅವಳಿಗೆ ಹೇಳು, ಗಾಯ ಒಣಗಿದೆ.”

ಎರಡು ಚಮಚ ತಿಂದರು. ನಿನ್ನ ಹೆಸರಿಗೆ ತಿಂದರು ಅಷ್ಟೆ. ಉಳಿದದ್ದನ್ನು ತೂಕ ಮಾಡಲು ನನಗೆ ಮನಸ್ಸಾಗಲಿಲ್ಲ.

ಚೆನ್ನಾಗಿಯೇ ಇದ್ದಾರೆ, ಗಾಬರಿಯಾಗಬೇಡ. ಬಿಸಿಲಿನಲ್ಲಿ ಕೂರುತ್ತಾರೆ. ಅವರ ಬೆಲ್ಟಿಗೆ ನಿನ್ನ ಚಿಕ್ಕಪ್ಪ ಅಕ್ಮಲ್ ಮೊಳೆಯಲ್ಲಿ ಇನ್ನೊಂದು ತೂತು ಮಾಡಿಕೊಟ್ಟ. ಡಾಕ್ಟರು ಮೈ ಇಳಿಯಬೇಕು ಎಂದಿದ್ದನಲ್ಲ, ಇಳಿಯುತ್ತಿದೆ.

ಇನ್ನೇನಾದರೂ ಇದ್ದರೆ ನೋಡು. ಜೂನಿನಲ್ಲಿ ಎಳೆ ಹುಳಿದ್ರಾಕ್ಷಿ ಹಿಂಡಿ ತೆಗೆದಿಟ್ಟ ರಸ ಎರಡು ಶೀಷೆ ಇದೆ. ಒಂದು ನಿನಗೆ ಕಳಿಸಿದ್ದೇನೆ. ಅದಕ್ಕೇನು ಹೊಂದಿಕೆಯಾಗುತ್ತದೋ ನೋಡು. ಆ ಬೆರಳು ನೆಕ್ಕುವ ಹುಡುಗಿಯರ ಹೆಸರುಗಳನ್ನು ನೀನು ಬರೆಯಲೇ ಇಲ್ಲ.

ಬುವಿ

*

ತಾಷ್ಕೆಂಟ್
ನವೆಂಬರ್ 9

ಬುವಿ,

ಬೆಲ್ಟಿಗೆ ತೂತು ಎಂದು ಓದಿ ನನಗೆ ಕ್ಲಾಸಿನಲ್ಲಿ ಕೂರಲಾಗಲಿಲ್ಲ. ಮೈ ಇಳಿಯುವುದು ಬೇರೆ, ಉಪವಾಸ ಬೇರೆ. ಒಂದು ತಿಂಗಳಲ್ಲಿ ಇಷ್ಟು ಇಳಿಯಬಾರದು. ಮಾತ್ರೆಯ ಜೊತೆ ರೊಟ್ಟಿಯನ್ನಾದರೂ ತಿನ್ನಿಸಿ.

ನಾನೊಂದು ವಿಷಯ ಯೋಚಿಸಿದೆ. ಬೋಬೋಗೆ ಬೇಕಾದ್ದು ಎಣ್ಣೆಯಲ್ಲ, ಎಣ್ಣೆ ಹೊತ್ತು ತರುವ ವಾಸನೆ. ನೆನಪಿದೆಯಾ, ಒಂದು ಬೇಸಿಗೆಯಲ್ಲಿ ಅವರು ನನ್ನನ್ನು ಮದುವೆಮನೆಯ ಬೆಳಗಿನ ಪಲಾವಿಗೆ ಕರೆದುಕೊಂಡು ಹೋಗಿದ್ದರು. ಇನ್ನೂ ಬೆಳಕು ಹರಿಯುತ್ತಿತ್ತು. ನಾನು ಕ್ಯಾರೆಟ್ ಚೀಲದ ಮೇಲೆ ಕೂತಿದ್ದೆ. ಅವರು ಜೀರಿಗೆಯನ್ನು ಅಂಗೈಗಳ ನಡುವೆ ಉಜ್ಜಿ ಕಡಾಯಿಗೆ ಹಾಕಿದಾಗ ಅಂಗಳದ ಆ ಮೂಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದವರೆಲ್ಲ ತಲೆ ಎತ್ತಿ ಇತ್ತ ನೋಡಿದರು. ಬೋಬೋ ನನಗೆ ಕಣ್ಣು ಹೊಡೆದರು. ಆ ಕೈಗಳನ್ನು ತೊಳೆಯದೇ ನನ್ನ ಕೆನ್ನೆ ಹಿಂಡಿದರು. ಶಾಲೆಗೆ ವಾಪಸ್ ಹೋಗುವ ಬಸ್ಸಿನಲ್ಲೂ ನನ್ನ ಕೆನ್ನೆ ಜೀರಿಗೆಯ ಹಾಗೆ ಘಮಘಮ ಅನ್ನುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಇರಲಾರದು, ಆದರೂ.

ಆದ್ದರಿಂದ ಜೀರಿಗೆಯನ್ನು ಒಣ ಕಡಾಯಿಯಲ್ಲಿ, ಸಣ್ಣ ಉರಿಯಲ್ಲಿ, ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ. ಅದರ ಜೊತೆ ನಾಲ್ಕು ಕೊತ್ತಂಬರಿ ಬೀಜ. ಬಿಸಿಯಿರುವಾಗಲೇ ಕುಟ್ಟಿ, ಹುಳಿದ್ರಾಕ್ಷಿ ರಸಕ್ಕೆ ಹಾಕಿ ಮುಚ್ಚಿಡಿ. ಆಮೇಲೆ ಮೊಸರಿಗೆ ಬೆರೆಸಿ. ನಾನು ಮಾಡಿ ತಿಂದೆ. ಕಣ್ಣು ಮುಚ್ಚಿಕೊಂಡರೆ ಪಲಾವಿನ ಪಕ್ಕದಲ್ಲೇ ಕೂತ ಹಾಗಿತ್ತು. ಕ್ಯಾಲೊರಿ ಲೆಕ್ಕಕ್ಕೇ ಇಲ್ಲ.

ಹುಡುಗಿಯರ ಹೆಸರು ಗುಲ್ಚೆಹ್ರಾ, ಇನ್ನಿಬ್ಬರು. ಚೆನ್ನಾಗಿದ್ದಾರೆ. ನಾಳೆ ಲ್ಯಾಬ್ ಟೆಸ್ಟ್, ಇಲ್ಲಿಗೇ ನಿಲ್ಲಿಸುತ್ತೇನೆ.

ಬರ್ನೊ

*

ಮರ್ಗಿಲಾನ್
ನವೆಂಬರ್ 28

ಕಂದಾ,

ಈ ಸಲ ಇನ್ನೇನು ಗೆದ್ದೆವು ಅಂದುಕೊಂಡೆ.

ಜೀರಿಗೆ ಹುರಿಯುತ್ತಿದ್ದೆ. ಅಂಗಳದಲ್ಲಿ ಕೂತಿದ್ದವರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಎಷ್ಟು ದಿನವಾಗಿತ್ತು ಅವರು ಆ ಬಾಗಿಲಿಗೆ ಬಂದು!

“ಮದುವೆ ಯಾರದ್ದು?” ಅಂದರು.

“ಯಾರದ್ದೂ ಅಲ್ಲ. ಜೀರಿಗೆ ಹುರೀತಿದೀನಿ.”

“ಎಣ್ಣೆ ಎಲ್ಲಿ?”

“ಇಲ್ಲ.”

“ಎಣ್ಣೆ ಇಲ್ದೆ ಜೀರಿಗೆ ಇಷ್ಟು ಮಾತಾಡುತ್ತಾ?” ಎಂದು ಕಡಾಯಿಯೊಳಗೆ ಬಗ್ಗಿ ನೋಡಿದರು. “ಉರಿ ತಗ್ಗಿಸು. ಸೀದ್ರೆ ಕಹಿ ಆಗುತ್ತೆ.” ನನಗೆ ಅಳುವೇ ಬಂತು. ಮೊದಲಿನ ಹಾಗೆ ಬೈದರಲ್ಲ!

ದಸ್ತರ್‌ಖಾನದ ಬಟ್ಟೆಯನ್ನು ಊಟಕ್ಕೆ ಹಾಸಿದೆ. ಅಕ್ಮಲ್, ಅವನ ಹೆಂಡತಿ ರಾಣೋ ಇಬ್ಬರೂ ಕೂತರು. ಅವರಿಗೆ ಲಗನ್‌ನಲ್ಲಿ ಪಲಾವ್. ನಿನ್ನ ಬೋಬೋಗೆ ನೀಲಿ ತಟ್ಟೆ.

“ಇದ್ಯಾರಿಗೆ?” ಅಂದರು.

“ನಿಮ್ಗೇ. ಎಲ್ಲಾ ತೂಕ ಮಾಡಿದೀನಿ.”

“ಅವರಿಗೆ?”

“ಅವರಿಗೆ ಬೇರೆ ಇದೆಯಲ್ಲ.”

ಚಮಚ ಕೆಳಗಿಟ್ಟು “ನಂಗೆ ಹಸಿವಿಲ್ಲ” ಎಂದು ಎದ್ದು ಹೋದರು. ನಾನು ರುಚಿ ನೋಡಿದೆ, ಚೆನ್ನಾಗಿತ್ತು. ಉಪ್ಪು ಸಾಲಲಿಲ್ಲವೇನೋ. ಪಲಾವಿನ ವಾಸನೆಗೆ ಆಸೆಯಾಗಿ ಸಿಟ್ಟು ಬಂತೇನೋ. ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಮಾತು. ತುರ್ಸುನ್ ಅಕಾ ಹೇಳಿದ, “ಹುಡುಗಿ ಗೇಟಿಗೆ ಒಬ್ಬಳೇ ಬರ್ತಾಳೆ, ಒಬ್ಬಳೇ ಹೋಗ್ತಾಳೆ. ಮುಖ ಇಷ್ಟಾಗಿದೆ, ಚಹಾದ ಪಿಯಾಲೆಯಷ್ಟು.” ನೀನು ಏನು ತಿನ್ನುತ್ತಿದ್ದೀಯಾ, ಯಾರ ಜೊತೆ ತಿನ್ನುತ್ತಿದ್ದೀಯಾ, ನಿಜ ಬರೆ.

ಬುವಿ

*

ತಾಷ್ಕೆಂಟ್
ಡಿಸೆಂಬರ್ 5

ಬುವಿಗೆ ನಮಸ್ಕಾರಗಳು.

ನಾನು ಸರಿಯಾಗಿಯೇ ತಿನ್ನುತ್ತಿದ್ದೇನೆ. ತುರ್ಸುನ್ ಅಕಾ ಗಾಡಿ ಓಡಿಸಲಿ, ಮುಖ ಅಳೆಯುವುದು ಬೇಡ ಎಂದು ಹೇಳಿ.

ಬೋಬೋಗೆ ಉಪ್ಪು ಹೆಚ್ಚಿಸಬೇಡಿ, ಅದೂ ಹೃದಯಕ್ಕೆ ಒಳ್ಳೆಯದಲ್ಲ. ಬದಲಿಗೆ ಸಾಸಿವೆ ಪುಡಿ ಕಲಸಿ ನೋಡಿ, ನಾಲಿಗೆಗೆ ಚುರುಕಾಗುತ್ತದೆ. ಪಲಾವಿನ ಲಗನ್ ಅವರ ಎದುರಿಗೇ ಇಟ್ಟರೆ ಆಸೆಯಾಗದೇ ಇರುತ್ತದೆಯೇ? ಅವರಿಗೆ ಮೊದಲೇ, ಬೇರೆ ಕೋಣೆಯಲ್ಲಿ ಬಡಿಸಿಬಿಡಿ. ಹಠ ಮಾಡಿದರೂ ನೀವು ಸೋಲಬೇಡಿ.

ತೂಕಗಳನ್ನು ಬರೆಯಿರಿ ಎಂದು ಮೊದಲೇ ಕೇಳಿದ್ದೆ. ನೀವು ಬರೆಯಲೇ ಇಲ್ಲ.

ಬರ್ನೊ

*

ತಾಷ್ಕೆಂಟ್
ಡಿಸೆಂಬರ್ 27

ನನ್ನ ಬುವಿ,

ನಿಮ್ಮಿಂದ ಕಾಗದವಿಲ್ಲ. ಘಾಟಿಯಲ್ಲಿ ಹಿಮ ಬಿದ್ದು ದಾರಿ ಮುಚ್ಚಿದೆ, ಟ್ಯಾಕ್ಸಿಗಳು ಓಡುತ್ತಿಲ್ಲ ಎನ್ನುತ್ತಾರೆ. ಹಿಮವೇ ಕಾರಣವಾಗಿರಲಿ ಎಂದು ಪ್ರಾರ್ಥಿಸುತ್ತಿದ್ದೇನೆ. ಚಿಕ್ಕಪ್ಪನಿಗೆ ಫೋನ್ ಮಾಡಿದೆ. “ಎಲ್ಲಾ ಸರಿ ಇದೆ, ನೀನು ಓದ್ಕೋ” ಅಂದರು. ಅವರು ಇಷ್ಟು ಚಿಕ್ಕದಾಗಿ ಎಂದೂ ಮಾತಾಡಿದವರಲ್ಲ. ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀರಿ.

ಮುಚ್ಚಿಟ್ಟವಳು ನಾನೂ ಹೌದು. ಹೋದ ಕಾಗದದಲ್ಲಿ ಸೊಕ್ಕಿನಿಂದ ಬರೆದೆ. ಬೆರಳು ನೆಕ್ಕಿದ ಹುಡುಗಿಯರು ಯಾರೂ ಇರಲಿಲ್ಲ ಬುವಿ. ನನ್ನ ಮಂಚಕ್ಕೊಂದು ಪರದೆ ಕಟ್ಟಿಕೊಂಡಿದ್ದೇನೆ. ಅದರ ಹಿಂದೆ ಕೂತು ನನ್ನ ಸ್ಟೀಲ್ ತಟ್ಟೆಯಲ್ಲಿ ತಿನ್ನುತ್ತೇನೆ. ಗುಲ್ಚೆಹ್ರಾ ಮತ್ತು ಇನ್ನಿಬ್ಬರು ನೆಲದ ಮೇಲೆ ಬಾಣಲೆ ಇಟ್ಟುಕೊಂಡು ಸುತ್ತ ಕೂರುತ್ತಾರೆ. ಮೊದಲು ಕರೆಯುತ್ತಿದ್ದರು, ನಾನು ಓದಬೇಕು ಎನ್ನುತ್ತಿದ್ದೆ. ಆಮೇಲೆ ಕರೆಯುವುದನ್ನು ಬಿಟ್ಟರು. ಏಳನೆಯ ವಯಸ್ಸಿನಿಂದ ಬೋರ್ಡಿಂಗ್ ಶಾಲೆಯ ಸಾಲಿನಲ್ಲಿ ನಿಂತು ನನ್ನ ತಟ್ಟೆಗೆ ನನ್ನದನ್ನು ಹಾಕಿಸಿಕೊಂಡು ತಿಂದವಳು ನಾನು. ಬೇರೆಯವರ ಕೈ ಓಡಾಡುವ ಪಾತ್ರೆಗೆ ಯಾವಾಗ ಕೈ ಹಾಕಬೇಕು, ಎಷ್ಟು ತೆಗೆದುಕೊಂಡರೆ ಹೊಟ್ಟೆಬಾಕಿ ಅನ್ನಿಸುವುದಿಲ್ಲ, ಏನೂ ಗೊತ್ತಾಗುವುದಿಲ್ಲ. ಭಯವಾಗುತ್ತದೆ.

ಮೊನ್ನೆ ಜೀರಿಗೆ ಹುರಿದು ಡ್ರೆಸಿಂಗ್ ಮಾಡಿಕೊಂಡು ಪರದೆಯೊಳಗೆ ಹೋದೆ. ಗುಲ್ಚೆಹ್ರಾ ಪರದೆ ಸರಿಸಿಬಿಟ್ಟಳು.

“ಏನ್ ಮಹಾರಾಣೀ, ದಿನಾ ವಾಸನೆ ನಮಗೆ, ಊಟ ನಿನಗೆ! ನಮ್ ಬಾಣಲೇಲಿ ವಿಷ ಇದ್ಯಾ?”

“ಇಲ್ಲ, ಇದು ಡಯೆಟ್ ಊಟ. ನಿಮಗೆ ಹಿಡಿಸಲ್ಲ.”

“ಡಯೆಟ್ ಅಂದ್ರೆ ಒಬ್ಬಳೇ ತಿನ್ನೋದಾ? ಇಲ್ಲಿ ಕೂರು. ಎಲೆಕೋಸು ನಂದು, ಮೇಲೆ ಸುರಿಯೋದು ನಿಂದು.”

ಕೈ ಹಿಡಿದು ಎಳೆದೇ ಕೂರಿಸಿದಳು. ಎಲ್ಲವನ್ನೂ ಒಂದು ಬೋಗುಣಿಗೆ ಸುರಿದರು. ನಾನು ಒಂದು ಅಂಚಿನಲ್ಲಿ ಚೂರು ಚೂರು ತೆಗೆದುಕೊಳ್ಳುತ್ತಿದ್ದೆ. ಗುಲ್ಚೆಹ್ರಾ ಮಾತಾಡುತ್ತಾ ಮಾತಾಡುತ್ತಾ, ನನ್ನ ಕಡೆ ನೋಡದೆಯೇ, ಮೊಸರು ಚೆನ್ನಾಗಿ ಹತ್ತಿದ್ದ ತುಂಡುಗಳನ್ನು ಚಮಚದಿಂದ ನನ್ನ ಅಂಚಿಗೆ ತಳ್ಳುತ್ತಿದ್ದಳು. ಬುವಿ, ಅದೇ ಮೊಸರು, ಅದೇ ಜೀರಿಗೆ. ಪರದೆಯ ಹಿಂದೆ ಅದಕ್ಕೆ ಆ ರುಚಿ ಇರಲಿಲ್ಲ.

ಆಗ ನನಗೆ ಬೋಬೋ ನೆನಪಾದರು. ಶಾಲೆಯಿಂದ ಮೊದಲ ಸಲ ರಜೆಗೆ ಬಂದಾಗ ನಾನು ಚೀಲದಿಂದ ನನ್ನ ತಟ್ಟೆ ತೆಗೆದು ದಸ್ತರ್‌ಖಾನದ ಮೇಲೆ ಇಟ್ಟಿದ್ದೆ. ಬೋಬೋ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೋಳಿಗಳ ಮುಂದೆ ಇಟ್ಟು ಬಂದರು. “ಇಲ್ಲಿ ಬೇಲಿ ಹಾಕ್ಕೊಂಡು ತಿನ್ನೋರು ಯಾರೂ ಇಲ್ಲ” ಅಂದರು. ನಾನು ಅತ್ತೆ. ಅವರು ಲಗನ್‌ನಿಂದ ಒಳ್ಳೊಳ್ಳೆಯ ತುಂಡುಗಳನ್ನೆಲ್ಲ ನನ್ನ ಕಡೆ ತಳ್ಳಿದರು. ನನ್ನ ಕಡೆ, ನಿಮ್ಮ ಕಡೆ, ಚಿಕ್ಕಪ್ಪನ ಕಡೆ. ಅವರು ತಮ್ಮ ಪಾಲು ತಿಂದದ್ದನ್ನು ನಾನು ನೋಡಿದ ನೆನಪೇ ಇಲ್ಲ. ತಳ್ಳುತ್ತಾ ತಳ್ಳುತ್ತಾ ನಡುವೆ ತಿನ್ನುತ್ತಿದ್ದರು, ಅಷ್ಟೆ.

ಆ ನೀಲಿ ತಟ್ಟೆಯಿಂದ ಅವರು ಯಾರ ಕಡೆ ತಳ್ಳಬೇಕು, ಬುವಿ?

ನಾನು ಹುಳಿ, ಉಪ್ಪು, ಸಾಸಿವೆ ಎಂದು ಹುಡುಕುತ್ತಲೇ ಹೋದೆ. ತಟ್ಟೆಯನ್ನು ಬೇರೆ ಮಾಡಿ, ಕೋಣೆಯನ್ನೂ ಬೇರೆ ಮಾಡಿ ಎಂದು ಬರೆದೆ. ದಯವಿಟ್ಟು ಆ ತಟ್ಟೆಯನ್ನು ಕಪಾಟಿಗೆ ಹಾಕಿ. ತಕ್ಕಡಿ ವಾಪಸ್ ಕೊಟ್ಟುಬಿಡಿ. ಮನೆಯವರೆಲ್ಲ ಅವರು ತಿನ್ನುವುದನ್ನೇ ತಿನ್ನಿ, ಒಂದೇ ಲಗನ್‌ನಲ್ಲಿ. ಈಗ ದಾಳಿಂಬೆಯ ಕಾಲ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ತೊಳೆದು, ಮೂಲಂಗಿಯ ಜೊತೆ ಹರಡಿ, ಮೇಲೆ ದಾಳಿಂಬೆಯನ್ನು ಕೈಯಲ್ಲೇ ಹಿಂಡಿ, ಹುರಿದ ಜೀರಿಗೆ ಉದುರಿಸಿ. ಪಕ್ಕದಲ್ಲಿ ಮೊಸರು. ಎಣ್ಣೆ ಯಾರಿಗೂ ಬೇಡ, ಸ್ವಲ್ಪ ದಿನ.

ಈ ಕಾಗದ ನಿಮಗೆ ಎಂದು ತಲುಪುತ್ತದೋ. ತಡವಾಗದಿರಲಿ.

ನಿಮ್ಮ ಬರ್ನೊ

*

ಮರ್ಗಿಲಾನ್
ಜನವರಿ 19, 2010

ಬರ್ನೊ ಕಂದಾ,

ಮೊದಲು ಹೇಳಿಬಿಡುತ್ತೇನೆ: ನಿನ್ನ ಬೋಬೋ ಈಗ ಅಂಗಳದಲ್ಲಿ ಕೂತು ರಾಣೋಗೆ ಚಾಕು ಮಸೆಯುವುದನ್ನು ಹೇಳಿಕೊಡುತ್ತಿದ್ದಾರೆ. ಇದನ್ನು ತಿಳಿದುಕೊಂಡು ಮುಂದೆ ಓದು.

ಡಿಸೆಂಬರ್ ನಡುವಿನಲ್ಲಿ ಅವರು ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದರು. ಮತ್ತೆ ಆಸ್ಪತ್ರೆ. ಹೊಸ ವರ್ಷ ಅಲ್ಲೇ ಆಯಿತು. ನಿನಗೆ ಪರೀಕ್ಷೆ, ಹೇಳಬಾರದು ಎಂದು ಅವರೇ ಎಲ್ಲರ ಬಾಯಿ ಕಟ್ಟಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, “ಅಮ್ಮಾ, ಹೃದಯಕ್ಕೆ ನಾನು ಔಷಧಿ ಕೊಡಬಲ್ಲೆ. ಅವರು ಊಟ ಮಾಡ್ದೇ ಇದ್ರೆ ನನ್ನ ಹತ್ರ ಔಷಧಿ ಇಲ್ಲ” ಎಂದ. ಇದನ್ನು ಯಾವ ಕಾಗದದಲ್ಲಿ ಬರೆಯಲಿ? ಹಿಮ ಬಿದ್ದು ದಾರಿ ಮುಚ್ಚಿದ್ದು ನನಗೆ ಒಳ್ಳೆಯದೇ ಆಯಿತು.

ಅವರನ್ನು ಮನೆಗೆ ಕರೆತಂದ ವಾರ ದಾರಿ ತೆರೆಯಿತು, ನಿನ್ನ ಕಾಗದ ಬಂತು. ಒಲೆಯ ಹತ್ತಿರ ಕೂತು ಓದಿದೆ. ಕೋಳಿಯ ಮುಂದೆ ತಟ್ಟೆ ಇಟ್ಟದ್ದನ್ನು ನಾನು ಮರೆತೇಬಿಟ್ಟಿದ್ದೆ. ನಲವತ್ತೇಳು ವರ್ಷ ಆ ಮನುಷ್ಯನ ಜೊತೆ ಒಂದೇ ಲಗನ್‌ನಲ್ಲಿ ತಿಂದವಳು ನಾನು. ನೀನು ಬರೆದೆ ಎಂದು ತಟ್ಟೆ ಬೇರೆ ಮಾಡಿದೆ, ನನಗೂ ತೋಚಲಿಲ್ಲವಲ್ಲ. ನಿನ್ನೊಬ್ಬಳದೇ ತಪ್ಪು ಅಂದುಕೊಳ್ಳಬೇಡ.

ಅಂದೇ ಎಲ್ಲರಿಗೂ ಹೇಳಿದೆ, ಇವತ್ತಿಂದ ಈ ಮನೆಯಲ್ಲಿ ಒಂದೇ ಊಟ. ಅಕ್ಮಲ್ ಮುಖ ಸಿಂಡರಿಸಿದ.

“ಅಮ್ಮಾ, ನಾನೇನು ಕಾಯಿಲೆ ಬಿದ್ದಿದೀನಾ?”

“ಬೀಳ್ದೇ ಇರ್ಲಿ ಅಂತಾನೇ. ನಿನ್ನ ಹೊಟ್ಟೆ ನಿನಗಿಂತ ಮುಂಚೆ ಬಾಗಿಲು ದಾಟುತ್ತೆ.”

ರಾಣೋ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳೇ ಈರುಳ್ಳಿ ಹೆಚ್ಚಿದಳು. ನಾನು ಮೂಲಂಗಿ ಹರಡಿ ದಾಳಿಂಬೆ ಹಿಂಡಿದೆ, ಮೊಣಕೈವರೆಗೆ ಕೆಂಪಾಯಿತು. ಬೀನ್ಸ್ ಬೇಯಿಸಿದ್ದನ್ನೂ ನಡುವೆ ರಾಶಿ ಹಾಕಿದೆ. ದೊಡ್ಡ ಲಗನ್ ತಂದು ಮಧ್ಯದಲ್ಲಿಟ್ಟು ಎಲ್ಲರೂ ಸುತ್ತ ಕೂತೆವು. ಅವರ ಮುಂದೆ ಏನನ್ನೂ ಬೇರೆಯಾಗಿ ಇಡಲಿಲ್ಲ.

ಅವರು ಲಗನ್ ನೋಡಿದರು. ನಮ್ಮೆಲ್ಲರ ಮುಖ ನೋಡಿದರು.

“ಏನಿದು? ಡಾಕ್ಟ್ರು ಇಡೀ ಮನೆಗೇ ಬಂದಿದ್ನಾ?”

ನಾನು ಒಂದು ತುತ್ತು ತೆಗೆದುಕೊಂಡೆ. ರಾಣೋ ತೆಗೆದುಕೊಂಡಳು. ಅಕ್ಮಲ್ ಕೈ ಹಾಕದೆ ನೋಡುತ್ತಿದ್ದ.

“ಈರುಳ್ಳಿ ಯಾರು ಹೆಚ್ಚಿದ್ದು?”

“ನಾನು, ಮಾವಾ,” ಅಂದಳು ರಾಣೋ.

“ಕೊಡಲೀಲಿ ಹೆಚ್ಚಿದೀಯಾ? ನಾಳೆಯಿಂದ ಚಾಕು ನನ್ ಹತ್ರ ಇರ್ಲಿ.” ಆಮೇಲೆ ಅಕ್ಮಲ್ ಕಡೆ ತಿರುಗಿದರು. “ನೀನ್ಯಾಕೋ ಕುರಿ ಹಾಗೆ ನೋಡ್ತಿದೀಯಾ? ತಿನ್ನು. ತಗೋ, ಇಲ್ಲಿ ರಸ ಚೆನ್ನಾಗಿ ಹಿಡಿದಿದೆ.” ಎನ್ನುತ್ತಾ ಒಂದಷ್ಟು ಮೂಲಂಗಿಯನ್ನು ಅವನ ಕಡೆ ತಳ್ಳಿದರು.

ಕಂದಾ, ನಾನು ತಲೆ ಬಗ್ಗಿಸಿಕೊಂಡೆ. ನೋಡಿದರೆ ನಿಲ್ಲಿಸಿಬಿಡುತ್ತಾರೇನೋ ಎಂದು ಭಯ. ಅಕ್ಮಲ್‌ಗೆ ತಳ್ಳಿದರು, ರಾಣೋಗೆ ತಳ್ಳಿದರು, ನನಗೆ ತಳ್ಳಿದರು. ನಡುನಡುವೆ ಅವರ ಕೈ ಬಾಯಿಗೆ ಹೋಗುತ್ತಿತ್ತು. ರೊಟ್ಟಿ ಮುರಿದು ಕೆಂಪು ರಸದಲ್ಲಿ ಅದ್ದಿದರು. “ದಾಳಿಂಬೆ ಕುವಾ ಊರಿನದ್ದಾ?” ಅಂದರು. ಹೌದು ಅಂದೆ. ಇನ್ನೊಮ್ಮೆ ಅದ್ದಿದರು.

ಅಂದಿನಿಂದ ದಿನವೂ ಹೀಗೇ. ಒಂದು ದಿನ ಮೊಸರು, ಒಂದು ದಿನ ದಾಳಿಂಬೆ, ಹುಳಿದ್ರಾಕ್ಷಿ ರಸ ಮುಗಿಯಿತು. ಗೊಣಗುತ್ತಾರೆ. ನಿನ್ನೆ ಅಕ್ಮಲ್‌ಗೆ, “ಇದನ್ನ ಮದುವೇಲಿ ಬಡಿಸಿದ್ರೆ ಹುಡುಗಿ ತವರಿಗೆ ವಾಪಸ್ ಬರ್ತಾಳೆ” ಅನ್ನುತ್ತಿದ್ದರು. ಅನ್ನುತ್ತಲೇ ತಿನ್ನುತ್ತಿದ್ದರು.

ಆ ಮೊದಲ ದಿನದ ಒಂದು ಮಾತು ಹೇಳುವುದು ಉಳಿಯಿತು. ಎಲ್ಲರದ್ದೂ ಮುಗಿದು ಲಗನ್ ಖಾಲಿಯಾಗಿತ್ತು, ಕಿಟಕಿಯ ಕಡೆಯ ಅಂಚಿನಲ್ಲಿ ಮಾತ್ರ ಸ್ವಲ್ಪ ಮೂಲಂಗಿ, ಮೇಲೆ ಒಳ್ಳೆ ದಾಳಿಂಬೆ ಕಾಳು, ಸಣ್ಣ ಗುಡ್ಡೆಯಾಗಿ ಕೂತಿತ್ತು. ಅಲ್ಲಿ ಯಾರೂ ಕೂತಿರಲಿಲ್ಲ. ರಾಣೋ ಲಗನ್ ಎತ್ತಲು ಕೈ ಚಾಚಿದಳು.

“ಇರ್ಲಿ ಬಿಡು,” ಅಂದರು ನಿನ್ನ ಬೋಬೋ. “ಅದು ಬರ್ನೊ ಕೂರೋ ಕಡೇದು.”

ಅವರು ನಿದ್ದೆ ಹೋದ ಮೇಲೆ ನಾನೇ ತಿಂದೆ ಕಂದಾ. ಹುಳಿ ಸರಿಯಾಗಿ ಹಿಡಿದಿತ್ತು.

ನಿನ್ನ ಬುವಿ